ಅರ್ಧ ಪೆಟ್ಟು ನನಗಿರಲಿ

ಮೊಮ್ಮಕ್ಕಳೇ, ಆ ಬೇಸಿಗೆ ರಜೆಯಲ್ಲಿ ನೀವು ಮೂವರೂ ಆಡುತ್ತಿದ್ದ ಆಟ ನನಗೆ ಮೊದಲು ಅರ್ಥವೇ ಆಗಲಿಲ್ಲ. ಪಗಡೆಗಾದರೆ ಹಾಸು ಇರುತ್ತದೆ, ಕಾಯಿಗಳು ಇರುತ್ತವೆ. ನಿಮ್ಮ ಆಟದಲ್ಲಿ ಅದೇನೂ ಇಲ್ಲ. ಒಬ್ಬರು ಕತೆ ಹೇಳುತ್ತಾ ಹೋಗುವುದು, ಉಳಿದವರು ಆ ಕತೆಯೊಳಗಿನ ಜನರಾಗಿ ‘ನಾನು ಈಗ ಹೀಗೆ ಮಾಡುತ್ತೇನೆ’ ಎನ್ನುವುದು. ಅದು ಕೈಗೂಡಿತೋ ಇಲ್ಲವೋ ಎಂದು ತಿಳಿಯಲು ಬಹಳ ಮುಖಗಳಿರುವ ದಾಳವೊಂದನ್ನು ಉರುಳಿಸುವುದು. ಕತೆ ನಡೆಸುವವನಿಗೆ ಮಾಸ್ಟರ್ ಎಂದು ಹೆಸರು.

ನಿಮ್ಮ ಹೆಸರು ಬರೆಯುವುದಿಲ್ಲ, ಊರಿನಿಂದಲೇ ಕರೆಯುತ್ತೇನೆ. ಮಾಸ್ಟರ್ ಆಗಿದ್ದವನು ನಿಮ್ಮಲ್ಲಿ ದೊಡ್ಡವನು, ಸಿಂದಗಿಯ ಹಿರಿಮಗಳ ಮಗ. ಆಡುತ್ತಿದ್ದವರು ಇಬ್ಬರು. ಒಬ್ಬ, ಇಲ್ಲೇ ಇಂಡಿಯಲ್ಲಿ ನನ್ನ ಜೊತೆ ಇರುವ ಮಗನ ಮಗ. ಬಾಯಿ ಮುಚ್ಚಿದರೆ ಅವನಿಗೆ ಉಸಿರು ಕಟ್ಟುತ್ತದೆ. ಇನ್ನೊಬ್ಬಳು ಮುದ್ದೇಬಿಹಾಳದ ಕಿರಿಮಗಳ ಮಗಳು. ಅವಳು ನನ್ನ ಹಾಗೆ. ನೀರು ಬೇಕಾದರೂ ಇನ್ನೊಬ್ಬರ ಕೈಲಿ ಹೇಳಿ ಕಳಿಸುವವಳು.

ನಮ್ಮ ತೋಟದ ಮನೆಯ ಪಡಸಾಲೆಯಲ್ಲಿ ನಾನು ಲಿಂಬೆಕಾಯಿ ಆರಿಸುತ್ತಾ ಕೂತಿರುತ್ತಿದ್ದೆ. ನೀವು ಪಕ್ಕದಲ್ಲೇ ತಾಡಪತ್ರಿ ಹಾಸಿಕೊಂಡು ಆಡುತ್ತಿದ್ದಿರಿ. ಕತೆಯಲ್ಲಿ ಮುದ್ದೇಬಿಹಾಳದವಳು ಬಿಲ್ಲು ಹಿಡಿದವಳು. ‘ಹೊಡೀತೇನಿ’, ‘ಇಲ್ಲ’ ಎನ್ನುವುದರ ಆಚೆ ಅವಳ ಮಾತು ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಗವಿಯೊಳಗೆ ಅವಳಿಗೊಂದು ಉಂಗುರ ಸಿಕ್ಕಿತು. ಅದನ್ನು ತಿಕ್ಕಿ ಏನನ್ನು ಬೇಡಿದರೂ ಒಂದು ಸಲ ಆಗುತ್ತದೆ ಎಂದು ಮಾಸ್ಟರ್ ಹೇಳಿದ. ಚಹಾ ಕುಡಿದು ಮುಗಿಯುವ ತನಕ ಅವಳು ಯೋಚನೆ ಮಾಡಿದಳು. ಆಮೇಲೆ ನನಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು:

“ನಮ್ಮೊಳಗ ಯಾರೂ ಸಾಯಬಾರದು.”

“ಆತು,” ಅಂದ ಸಿಂದಗಿಯವನು. “ಉಂಗುರ ಹೊಳೀತು. ನೀವಿಬ್ಬರೂ ಕಲ್ಲಾದ್ರಿ. ಕಲ್ಲಿಗಿ ಸಾವಿಲ್ಲ ನೋಡು.”

ಇಂಡಿಯವನು ಬಿದ್ದು ಬಿದ್ದು ನಕ್ಕ. “ಎಂಥಾ ವರಾ ಬೇಡಿದಿ ತಾಯಿ! ಬರ್ರಿ, ಎಲ್ಲಾರೂ ನನಗ ಕುಂಕುಮಾ ಹಚ್ರಿ, ಕಾಯಿ ಒಡೀರಿ!”

ಅವಳು ನಗಲಿಲ್ಲ, ಅಳಲೂ ಇಲ್ಲ. ಎದ್ದು ಒಳಗೆ ಹೋಗಿ ಸೊಸೆಯ ಫೋನಿನಿಂದ ತನ್ನ ತಾಯಿಗೆ ಪಿಸುಮಾತಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು: “ಮಮ್ಮಿ, ನನ್ನ ಕರ್ಕೊಂಡು ಹೋಗು.” ನಾಡಿದ್ದು ಬರುತ್ತೇನೆ ಎಂದಳಂತೆ ಅವಳ ತಾಯಿ. ರಜೆ ಇನ್ನೂ ಅರ್ಧ ಉಳಿದಿತ್ತು. ಹಾಗೆ ಹೋದವಳು ಮತ್ತೆ ಯಾವ ಆಟದಲ್ಲೂ ಬಾಯಿ ತೆರೆಯುವುದಿಲ್ಲ ಎಂದು ನನಗೆ ಅನ್ನಿಸಿತು. ನಾಚಿಕೆಯವರು ಒಂದು ಮಾತನ್ನು ಎಷ್ಟು ಹೊತ್ತು ಬಾಯಲ್ಲಿ ಹೊರಳಿಸಿ ಹೊರಗೆ ತರುತ್ತಾರೆ ಎನ್ನುವುದು ಉಳಿದವರಿಗೆ ತಿಳಿಯುವುದಿಲ್ಲ.

ಸಂಜೆ ದೊಡ್ಡವನನ್ನು ಕರೆದು ಕೇಳಿದೆ. ಅವನ ಮುಖವೂ ಸಪ್ಪಗಿತ್ತು.

“ಆಯಿ, ಬೇಡಿದ್ದೆಲ್ಲಾ ಹಂಗ ಕೊಟ್ಟಬಿಟ್ರ ಆಟಾನ ಮುಗೀತು. ಯಾರೂ ಸಾಯೂದಿಲ್ಲಂದ್ರ ರಾಕ್ಷಸಗ ಯಾರು ಅಂಜತಾರ?”

“ಅದಕ್ಕ ಬೇಡಿದಾಕಿನ್ನ ಕಲ್ಲು ಮಾಡೂದೇನೋ?”

“ಎಲ್ಲಾ ಮಾಸ್ಟರ್‌ಗೋಳೂ ಹಂಗ ಮಾಡ್ತಾರ. ಬೇಡಿದ ಮಾತಿನಾಗ ಒಂದು ಸಂದಿ ಹುಡುಕಿ ಹಿಡೀಬೇಕು. ಮೊಬೈಲಿನಾಗ ನೋಡೇನಿ.”

ಅವನ ಮಾತೂ ಸುಳ್ಳಲ್ಲ. ಪರೀಕ್ಷೆ ಮುಗಿದಾಗಿನಿಂದ ಆ ಹುಡುಗ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗವಿ, ಹೊಳೆ, ಕೋಟೆ ಬರೆದು ಕತೆ ಕಟ್ಟಿದ್ದ. ಒಂದು ಉಂಗುರದಿಂದ ಅದೆಲ್ಲ ಕರಗಿಹೋದರೆ ಅವನಿಗೂ ಸಂಕಟ. ಬೇಡಿದ್ದನ್ನು ಕೊಡಬೇಕು, ಮೋಸ ಮಾಡಬಾರದು, ಅಂಜಿಕೆಯೂ ಉಳಿಯಬೇಕು. ಇದು ಹೇಗೆ?

ರೊಟ್ಟಿ ಬಡಿಯುವಾಗ ನನಗೆ ನನ್ನ ತವರಿನ ಹರಕೆಗಳು ನೆನಪಾದವು. ನನ್ನ ತಮ್ಮನಿಗೆ ಜ್ವರ ಬಂದು ಕಣ್ಣು ಬಿಡದಿದ್ದಾಗ ನಮ್ಮವ್ವ ದೇವರಿಗೆ ಬೇಡಿಕೊಂಡಿದ್ದಳು. ಅವನು ಉಳಿದರೆ ಮನೆಯಿಂದ ಗುಡಿಯವರೆಗೆ ದೀಡ ನಮಸ್ಕಾರ ಹಾಕುತ್ತೇನೆ, ಅಂದರೆ ಹೆಜ್ಜೆಹೆಜ್ಜೆಗೂ ನೆಲಕ್ಕೆ ಅಡ್ಡಬಿದ್ದು ಹೋಗುತ್ತೇನೆ ಎಂದು. “ಜೀವ ಇರೂ ತನಕ ವರ್ಷಾ ವರ್ಷಾ ಹಾಕ್ತೇನಿ” ಎನ್ನಲು ಹೋದವಳನ್ನು ಅಜ್ಜಿ ತಡೆದಿದ್ದಳು: “ಅಷ್ಟೆಲ್ಲಾ ಬ್ಯಾಡ. ನಡಸಾಕ ಆಗೂದಷ್ಟ ಬೇಡ್ಕೊ.” ತಮ್ಮ ಉಳಿದ. ಅವ್ವ ನಮಸ್ಕಾರ ಹಾಕುವ ದಿನ ನೆಲ ಕಾದಿತ್ತು. ಓಣಿಯ ಹೆಂಗಸರೆಲ್ಲ, ಮಸೀದಿಯ ಕಡೆಯ ಮನೆಯವರೂ, ಕೊಡ ತಂದು ಅವಳ ಮುಂದೆ ನೀರು ಸುರಿಯುತ್ತಾ ನಡೆದರು. ಬೇಡಿದವಳು ಒಬ್ಬಳು, ನೀರು ಹಾಕಿದವರು ಊರೆಲ್ಲ. ಯಾವ ದೇವರೂ ನಮ್ಮವ್ವನ ಮಾತಿನಲ್ಲಿ ಸಂದಿ ಹುಡುಕಲಿಲ್ಲ. ಏನು ಕೊಡುತ್ತೇನೆ ಎಂದು ಅವಳೇ ಹೇಳಿದ್ದಳು.

“ನಾಳಿ ಒಂದಿನ ನಾ ಮಾಸ್ಟರ್ ಆಗ್ಲೇನು?” ಎಂದು ದೊಡ್ಡವನನ್ನು ಕೇಳಿದೆ. ಅವನು ಒಪ್ಪಿದ. ಅಂಜಿಕೆಯಾದದ್ದು ನನಗೇ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ಇಯತ್ತೆಯ ತನಕ. ನಿಮ್ಮ ಮುತ್ಯಾ, ನನ್ನ ಯಜಮಾನರು, ಇರುವವರೆಗೆ ಮಂದಿಯ ಮುಂದಿನ ಮಾತೆಲ್ಲ ಅವರದೇ. ನಾಲ್ಕು ಜನರ ಎದುರು ನಾನು ಕತೆ ಹೇಳಿದವಳೇ ಅಲ್ಲ.

ಮರುದಿನ ಮುದ್ದೇಬಿಹಾಳದವಳು ಆಡುವುದಿಲ್ಲ ಎಂದಳು, ಆದರೆ ಹೊಸ್ತಿಲ ಮೇಲೆ ಬಂದು ಕೂತಳು. ಸಿಂದಗಿಯವನಿಗೆ ನೀನೂ ಒಂದು ಕಲ್ಲಾಗು ಎಂದೆ.

“ಈಗ ಬಾ ಮಗನ!” ಎಂದು ಇಂಡಿಯವನು ತೊಡೆ ತಟ್ಟಿದ.

“ಒಂದು ಗುಡ್ಡ ಇತ್ತು. ಗುಡ್ಡದ ಮ್ಯಾಲ ಮೂರು ಕಲ್ಲು,” ಎಂದೆ. ಮುಂದಿನ ಮಾತು ಬರಲಿಲ್ಲ.

“ಆಯಿ, ಕತಿ ಹೇಳ್ತೀಯೋ, ಕಲ್ಲು ಎಣಸ್ತೀಯೋ?”

“ತಡಿಯೋ ಮಾರಾಯ. ಒಬ್ಬಾಕಿ ಮುದುಕಿ ಕೊಡಾ ಹೊತ್ಕೊಂಡು ಬಂದ್ಲು. ಕಲ್ಲಿನ ಮ್ಯಾಲ ಒಂದೊಂದು ಬೊಗಸಿ ನೀರು ಹಾಕಿದ್ಲು. ಕಲ್ಲಿಗಿ ಮಾತು ಬಂತು, ಆದ್ರ ಅಲಗಾಡಾಕ ಬರೂದಿಲ್ಲ. ಮುದುಕಿ ಕೇಳಿದ್ಲು, ವರಾ ಬೇಡಿದವರು ಯಾರು ಅಂತ.”

ಹುಡುಗರಿಬ್ಬರೂ ಹೊಸ್ತಿಲ ಕಡೆ ತಿರುಗಿದರು. ನಾನು ತಿರುಗಲಿಲ್ಲ. ಎಲ್ಲರೂ ನೋಡುತ್ತಿದ್ದರೆ ಮಾತು ಹೇಗೆ ಗಂಟಲಲ್ಲಿ ನಿಲ್ಲುತ್ತದೆ ಎಂದು ನನಗೆ ಗೊತ್ತು. ಬುಟ್ಟಿಯೊಳಗಿನ ಹಣ್ಣುಗಾಯಿ ಬೇರೆ ಮಾಡುತ್ತಾ ಕಾದೆ.

“ನಾನ,” ಎಂದಳು.

“ಚಲೋ ಬೇಡಿದಿ. ಯಾರೂ ಸಾಯಬಾರದು ಅಂದ್ರ ನೀ ಏನು ಹರಕಿ ಹೊರ್ತಿ?”

“ನನ್ನ ಎರಡೂ ಕಣ್ಣು ಕೊಡ್ತೇನಿ.”

“ಏ, ಬ್ಯಾಡ!” ಎಂದು ಇಂಡಿಯವನು ಕೂಗಿದ. “ಬಿಲ್ಲು ಹೊಡ್ಯಾಕಿ ಕಣ್ಣು ಕೊಟ್ರ ಬಾಣ ಎಲ್ಲಾ ನನ್ನ ಬೆನ್ನಾಗ ನಡ್ತಾವ!”

ಅವಳ ತುಟಿಯಲ್ಲಿ ನಗೆ ಬಂದು ಹೋಯಿತು. “ದಿನಾ ನಡಸಾಕ ಆಗೂದಷ್ಟ ಬೇಡ್ಕೊ ಅವ್ವಿ,” ಎಂದೆ ನಾನು.

ಅವಳು ಎದ್ದು ಬಂದು ತಾಡಪತ್ರಿಯ ಅಂಚಿಗೆ ಕೂತಳು. “ನಮ್ಮೊಳಗ ಯಾರಿಗಿ ಪೆಟ್ಟು ಬಿದ್ರೂ ಅದರಾಗ ಅರ್ಧ ನನಗಿರಲಿ.”

“ಹಂಗಾದ್ರ ಎರಡು ಜಗಳದಾಗ ನೀನ ಖಲಾಸ್,” ಎಂದ ಸಿಂದಗಿಯವನು.

“ಯಾರೂ ಸಾಯಬಾರದು ಅಂದೇನಿ. ಅದರಾಗ ನಾನೂ ಬರ್ತೇನಿ.”

“ಅದೆಂಗ ಆಗತೈತಿ? ಪೆಟ್ಟು ಎಲ್ಲಿಗರೆ ಹೋಗಬೇಕಲ್ಲ?”

“ಆಕಿಗಿ ಬಿದ್ದದ್ದರಾಗ ಅರ್ಧ ನನಗ ಹಾಕ್ರಿ,” ಎಂದ ಇಂಡಿಯವನು. ನಗೆಗೆ ಹೇಳಿದನೋ ಖರೆ ಹೇಳಿದನೋ ತಿಳಿಯಲಿಲ್ಲ.

ಸಿಂದಗಿಯವನು ಪೆನ್ಸಿಲ್ ತೆಗೆದು ಲೆಕ್ಕಕ್ಕೆ ಕೂತ. ಕೊನೆಗೆ ಅವನೇ ಕಟ್ಟಳೆ ಹೇಳಿದ. ಪೆಟ್ಟು ಹಂಚಿಕೊಳ್ಳಲು ಒಬ್ಬರಾದರೂ ಇರುವ ತನಕ ಯಾರೂ ಸಾಯುವುದಿಲ್ಲ. ಯಾರಾದರೂ ‘ನಾನು ತಗೋಳೂದಿಲ್ಲ’ ಎಂದ ದಿನ ವರ ಮುರಿಯಿತು. “ಆಯಿ, ಇದು ಆಡಾಕ ಬರತೈತಿ! ಅಂಜಿಕೀನೂ ಐತಿ!” ಎಂದ. ನಾನು ಮುದುಕಿಯ ಕೈಯಿಂದ ಉಳಿದ ನೀರೆಲ್ಲ ಸುರಿಸಿ ಮೂವರನ್ನೂ ಮನುಷ್ಯರನ್ನಾಗಿ ಮಾಡಿದೆ. ದಾಳ ಅವನ ಕೈಗೆ ಕೊಟ್ಟು ಬೆವರು ಒರೆಸಿಕೊಂಡೆ.

ಅವಳು ಇನ್ನು ಉಳಿಯುತ್ತಾಳೆ ಎಂದುಕೊಂಡಿದ್ದೆ. ಮರುದಿನ ಕಿರಿಮಗಳು ಬಾಗೇವಾಡಿ, ವಿಜಯಪುರ ದಾಟಿ, ಬಸ್ಸು ಬದಲಿಸಿ, ಬಿಸಿಲಲ್ಲಿ ಕೆಂಪಾಗಿ ಬಂದಳು. ತಾಯಿಯ ಮುಖ ನೋಡಿ ಮೊಮ್ಮಗಳಿಗೆ ‘ನಾ ಬರೂದಿಲ್ಲ’ ಎನ್ನಲು ಮನಸ್ಸಾಗಲಿಲ್ಲ. ಊಟ ಮಾಡಿ, ಚೀಲ ಹೆಗಲಿಗೆ ಹಾಕಿಕೊಂಡಳು. ಟೆಂಪೊ ಹತ್ತುವಾಗ ಹುಡುಗರಿಗೆ ಹೇಳಿದಳು: “ನಾ ಇಲ್ದಾಗ ರಾಕ್ಷಸನ ಕೂಡ ಜಗಳಕ್ಕ ಬೀಳಬ್ಯಾಡ್ರಿ. ನನ್ನ ಅರ್ಧ ಯಾರು ತಗೋತಾರ?”

“ಫೋನು ಹಚ್ತೇನಿ ತಡಿ,” ಎಂದ ಸಿಂದಗಿಯವನು.

“ಈಕಿ ಫೋನಿನಾಗ ಹ್ಞೂಂ ಅನ್ನೂದ ಬಿಟ್ರ ಮಾತಾಡೂದಿಲ್ಲೋ ಯಪ್ಪಾ,” ಎಂದು ಕಿರಿಮಗಳು ನಕ್ಕಳು.

ಅದರ ಮರುದಿನ ಚಹಾ ಹೊತ್ತಿಗೆ ಸೊಸೆಯ ಫೋನು ತಾಡಪತ್ರಿಯ ನಡುವೆ ಕೂತಿತು. ಆ ಕಡೆ ಕುಕ್ಕರು ಸೀಟಿ ಹಾಕುವುದು ನಮ್ಮ ಪಡಸಾಲೆಗೇ ಕೇಳುತ್ತಿತ್ತು. ದಾಳ ಉರುಳಿತು. ರಾಕ್ಷಸನ ಗದೆ ಇಂಡಿಯವನ ಮೇಲೆ ಬಿತ್ತು.

“ಇದರಾಗ ಅರ್ಧ ನಿಂದು,” ಎಂದ ಮಾಸ್ಟರ್. ಇಂಡಿಯವನು ಬಾಯಿ ಮುಚ್ಚಿಕೊಂಡು ಫೋನಿನ ಕಡೆ ಬಾಗಿದ.

“ಎಡಗೈಗಿ ಬಿತ್ತು,” ಎಂದಿತು ಅವಳ ದನಿ. “ಬಿಲ್ಲು ಬಲಗೈಯಾಗ ಹಿಡದೇನಿ. ಮಂಡಿ ಊರಿ ಕುಂತೇನಿ, ಆದ್ರ ಬಿದ್ದಿಲ್ಲ.”

“ಬಾಳ ನೋವಾತೇನ ಲೇ?” ಎಂದ ಇಂಡಿಯವನು.

“ಆತು. ನನ್ನದರಾಗ ನಿನ್ನ ಪಾಲು ತಗೊಂಡಿ ಇಲ್ಲೋ?”

“ತಗೊಂಡೇನಿ ತಾಯಿ.”

“ಹಂಗಾರ ಏಳು. ಇನ್ನ ನಮ್ಮ ಪಾಳಿ.”