ಕೊನೆ ಪುಟದಿಂದ ಓದುತ್ತಿದ್ದ ನಂಜಪ್ಪನವರು

ಹೋಟೆಲ್ ನಂಜಪ್ಪನವರು ಯಾವುದನ್ನೂ ಮೊದಲಿನಿಂದ ಓದಿದವರಲ್ಲ. ಬೆಳಿಗ್ಗೆ ಪೇಪರು ಬಂದ ಕೂಡಲೇ ಅದನ್ನು ಮಡಿಕೆಯಲ್ಲಿ ಕತ್ತರಿಸಿ ಹಾಳೆ ಹಾಳೆಯಾಗಿ ಬಿಡಿಸಿ ಟೇಬಲ್ಲಿಗೊಂದರಂತೆ ಹಂಚಿಬಿಡುತ್ತಿದ್ದರು. ಮುಖಪುಟ ಗಿರಾಕಿಗೆ, ಜಿಲ್ಲಾ ಸುದ್ದಿ ಗಿರಾಕಿಗೆ. ಗಲ್ಲಾ ಪೆಟ್ಟಿಗೆಯ ಮೇಲೆ ಉಳಿಯುತ್ತಿದ್ದುದು ಹಿಂದಿನ ಹಾಳೆ ಒಂದೇ. ಅದನ್ನು ಓದುವಷ್ಟರಲ್ಲಿ ಯಾರಾದರೂ ಇಡ್ಲಿ ಮುಗಿಸಿ ಎದ್ದಿರುತ್ತಿದ್ದರು, ಅವರ ಹಾಳೆ ಇವರ ಕೈಗೆ ಬರುತ್ತಿತ್ತು. ಹೀಗೆ ಅವರ ಲೋಕದಲ್ಲಿ ಮೊದಲು ಕ್ರಿಕೆಟ್ ಪಂದ್ಯ ಮುಗಿದು, ಆಮೇಲೆ ಅರಿಸಿನದ ಧಾರಣೆ ಇಳಿದು, ಮಧ್ಯಾಹ್ನದ ಹೊತ್ತಿಗೆ ಸರ್ಕಾರ ಕಾಣಿಸಿಕೊಳ್ಳುತ್ತಿತ್ತು.

"ಗಿರಾಕಿ ಕೈಲಿರೋ ಹಾಳೆ ಕೇಳ್ಬಾರ್ದು ಮೇಡಮ್ನೋರೆ. ಅವ್ರು ಉಂಡು ಎದ್ದ ಮ್ಯಾಲೆ ನಮ್ಗೆ," ಎಂದು ನನಗೆ ಹೇಳುತ್ತಿದ್ದರು. ಮೀಸೆ ಮೂಡುವ ಮುಂಚೆಯೇ ಅಪ್ಪನ ಹೋಟೆಲಿನಲ್ಲಿ ಹಿಡಿದ ಅಭ್ಯಾಸ ಅದು. ಕೊನೆಕೊನೆಗೆ ಮದುವೆಯ ಕರೆಯೋಲೆಯನ್ನೂ ಕೆಳಗಿನಿಂದ ಮೇಲಕ್ಕೆ ಓದಿ, ಊಟ ಎಲ್ಲಿ ಎಂದು ತಿಳಿದಾದ ಮೇಲೆ ಗಂಡು ಯಾರು ಎಂದು ನೋಡುತ್ತಿದ್ದರು.

ನಾನು ಗುಂಡ್ಲುಪೇಟೆಯ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವವಳು, ಮನೆ ಚಾಮರಾಜನಗರದಲ್ಲಿ. ಸಂಜೆ ಬಸ್ಸು ಕಾಯಲು ನನಗೆ ಊಟಿ ರಸ್ತೆಯ ಅವರ ಹೋಟೆಲಿನ ಮೂಲೆಯ ಟೇಬಲ್ಲೇ ಗತಿ. ಬಸ್ಸು ಬಂದರೆ ಅಲ್ಲಿಂದಲೇ ಕಾಣುತ್ತದೆ, ಬರದಿದ್ದರೆ ಕಾಫಿ ಚೆನ್ನಾಗಿರುತ್ತದೆ. ಗಲ್ಲಾದ ಹಿಂದೆ ಒಂದು ಹಲಗೆಯಿತ್ತು. ಪ್ರವಾಸಿಗರು ಬಿಟ್ಟುಹೋದದ್ದೆಲ್ಲ ಅದರ ಮೇಲೆ: ಕೊಡೆ, ಉಣ್ಣೆಯ ಟೋಪಿ, ಮಗುವಿನ ಒಂಟಿ ಬೂಟು, ಒಂದು ಹಲ್ಲುಸೆಟ್ಟು. ಇದನ್ನೆಲ್ಲ ಎಸೆಯಬಾರದೇ ಎಂದು ನಾನು ಕೇಳಿದ್ದಕ್ಕೆ, "ಹಲ್ಲು ಬುಟ್ಟು ಎಷ್ಟ್ ದೂರ ಹೋದಾರು? ಬತ್ತರೆ ಬುಡಿ," ಎಂದಿದ್ದರು.

ಒಂದು ಸಂಜೆ ಆ ಹಲಗೆಯ ಮೇಲಿಂದ ಒಂದು ಕೈಚೀಲ ಇಳಿಸಿ ನನ್ನ ಮುಂದಿಟ್ಟರು. ಊಟಿಗೆ ಹೋಗುತ್ತಿದ್ದ ಯಾವುದೋ ಕುಟುಂಬದ ಮಗು ಮರೆತದ್ದು. ಒಳಗೆ ನಾಲ್ಕು ಪುಸ್ತಕ, ನಾಲ್ಕಕ್ಕೂ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದ್ದರು, ಸಾಂಬಾರು ತಾಗಬಾರದೆಂದು. ಬಿಡಿಸಿದರೆ ಕಪ್ಪು ಬಿಳುಪು ಚಿತ್ರ, ಚೂಪು ಗಲ್ಲ, ಹಪ್ಪಳದಗಲ ಕಣ್ಣು, ಗಾಳಿಗೆ ಹಾರುವ ಕೂದಲು. ಜಪಾನಿನ ಚಿತ್ರಕಥೆ, ಮಾಂಗಾ ಅಂತ ನಮ್ಮ ವಿದ್ಯಾರ್ಥಿಗಳು ಬೆಂಚಿನ ಕೆಳಗೆ ಬಚ್ಚಿಟ್ಟು ಓದುವ ಥರದ್ದು. ಮಾತೆಲ್ಲ ಇಂಗ್ಲಿಷಿನಲ್ಲಿ.

"ಬೊಂಬೆ ಅರ್ತ ಆಯ್ತದೆ, ಮಾತು ಆಗಲ್ಲ. ವಸಿ ಓದಿ ಹೇಳಿ," ಎಂದರು.

"ಇದು ಮಕ್ಕಳದ್ದು ನಂಜಪ್ಪನವರೇ, ನಮಗ್ಯಾಕೆ?"

"ಮಕ್ಕಳ್ದಾ? ಮಕ್ಕಳಿಗೆ ಅಣ್ತಮ್ಮಂದ್ರ ಜಗಳ ಏನ್ ಗೊತ್ತು? ಕೈ ತೊಳ್ಕೊಂಡ್ ಬನ್ನಿ, ಕತೆ ಹೇಳ್ತೀನಿ."

ಕೈ ತೊಳೆದು ಬಂದೆ. ಅವರು ನಾಲ್ಕನೆಯ ಪುಸ್ತಕ ತೆಗೆದು ಕೊನೆಯ ಪುಟದಿಂದ ಶುರುಮಾಡಿದರು. ಮುರಿದುಬಿದ್ದ ಸೇತುವೆ, ಅದರ ಆಚೆ ಒಬ್ಬ, ಈಚೆ ಒಬ್ಬ, ಇಬ್ಬರ ಕೈಯಲ್ಲೂ ಕತ್ತಿ. "ಇವ್ರು ಅಣ್ಣ ತಮ್ಮ. ಹಣೆ ಮೇಲೆ ಇಬ್ರಿಗೂ ಒಂದೇ ಮಚ್ಚೆ ನೋಡಿ." ಪುಟಗಳನ್ನು ಹಿಂದೆ ಹಿಂದೆ ತಿರುಗಿಸುತ್ತ ಹೋದರು. ಸೇತುವೆ ಕೂಡಿಕೊಂಡಿತು. ತಮ್ಮನ ತೋಳಿನ ಗಾಯ ಮುಚ್ಚಿತು. ಒಡೆದ ಮಡಕೆಯ ಚೂರುಗಳು ನೆಲದಿಂದೆದ್ದು ಮತ್ತೆ ಮಡಕೆಯಾದವು. "ಇದು ಮಂತ್ರದ ಕತೆ," ಎಂದು ಗುಟ್ಟಿನಲ್ಲಿ ಹೇಳಿದರು. ಕತ್ತಿಗಳು ಒರೆಯೊಳಗೆ ಹೋದವು, ಇಬ್ಬರೂ ಪುಟಪುಟಕ್ಕೂ ಚಿಕ್ಕವರಾದರು, ಕೊನೆಗೆ ಮೊದಲನೆಯ ಪುಸ್ತಕದ ಮೊದಲ ಪುಟದಲ್ಲಿ ಇಬ್ಬರು ಪುಟ್ಟ ಹುಡುಗರು ಒಂದೇ ಬಟ್ಟಲಲ್ಲಿ ಗಂಜಿ ಕುಡಿಯುತ್ತಿದ್ದರು. ನಂಜಪ್ಪನವರು ಪುಸ್ತಕ ಮುಚ್ಚಿ, ಮೈಸೂರು ಪಾಕು ತಿಂದವರ ಹಾಗೆ ತುಟಿ ಒರೆಸಿಕೊಂಡರು. ನನಗೆ ಬಂದ ನಗುವನ್ನು ಕಾಫಿಲೋಟದಲ್ಲಿ ಮುಳುಗಿಸಬೇಕಾಯಿತು.

ನಗು ನಿಂತದ್ದು, ಅವರು ಹೊರಗೆ ನೋಡುತ್ತಿರುವುದನ್ನು ಕಂಡಾಗ. ರಸ್ತೆಯಾಚೆ ಇದೇ ಥರದ ಇನ್ನೊಂದು ಹೋಟೆಲು, ಅವರ ಅಣ್ಣ ಮಹದೇವಪ್ಪನವರದು. ಅಪ್ಪ ತೀರಿಕೊಂಡ ಮೇಲೆ ಅಪ್ಪನ ದೋಸೆ ಹೆಂಚು ಯಾರಿಗೆ ಎಂಬ ಮಾತಿನಲ್ಲಿ ಇಬ್ಬರೂ ಬೇರೆಯಾದವರು. ಜಮೀನಿಗೆ ಜಗಳ ಬರಲಿಲ್ಲ, ಮನೆಗೆ ಬರಲಿಲ್ಲ, ಆ ಕಬ್ಬಿಣದ ಹೆಂಚಿಗೆ ಬಂತು. ಹೆಂಚು ತಮ್ಮನಿಗೆ ಸಿಕ್ಕಿತು, ಮಾತು ನಿಂತಿತು. ಆಮೇಲೆ ರಸ್ತೆ ಅಗಲವಾಯಿತು, ನಡುವೆ ಡಿವೈಡರ್ ಬಂತು. ಎದುರುಬದುರು ಗಲ್ಲಾದಲ್ಲಿ ಕೂತ ಇಬ್ಬರೂ ಇಡೀ ದಿನ ಒಬ್ಬರನ್ನೊಬ್ಬರು ನೋಡದೆ ಇರುವುದರಲ್ಲೇ ಹಣ್ಣಾಗಿದ್ದರು.

ಆವತ್ತಿನಿಂದ ನಾನೂ ಆ ಪುಸ್ತಕಗಳಿಗೆ ಅಂಟಿಕೊಂಡೆ. ಮನೆಗೆ ಒಯ್ಯುವಂತಿರಲಿಲ್ಲ. "ಮಗು ಬಂದ್ ಕೇಳುದ್ರೆ?" ಎಂಬ ಒಂದೇ ಉತ್ತರ. ಹಾಗಾಗಿ ದಿನಾ ಬಸ್ಸು ಬರುವವರೆಗಿನ ಓದು. ಲೆಕ್ಕಪತ್ರ ಪಾಠ ಮಾಡಿ ಒಣಗಿದ ನನ್ನ ತಲೆಗೆ ಅದೊಂದು ಹಬ್ಬವಾಗಿತ್ತು. ಓಡುವವನ ಹಿಂದೆ ಬರೀ ಗೆರೆ ಎಳೆದು ಓಟ ತೋರಿಸುತ್ತಾರೆ. ಒಂದು ಪುಟವಿಡೀ ಮಾತಿಲ್ಲ, ಸುಮ್ಮನೆ ಮಳೆ, ಒಂದು ಕಣ್ಣು, ಮತ್ತೆ ಮಳೆ. ಬಸ್ಸು ಕಣ್ಣೆದುರೇ ಹೊರಟುಹೋದದ್ದೂ ಉಂಟು. ನಾನು ಅವರಂತೆಯೇ ಕೊನೆಯಿಂದ ಓದಿ ಕನ್ನಡದಲ್ಲಿ ಹೇಳುತ್ತಿದ್ದರೆ ನಂಜಪ್ಪನವರು ಚಿಲ್ಲರೆ ಎಣಿಸುತ್ತಲೇ ಹೂಂಗುಟ್ಟುತ್ತಿದ್ದರು. ನಾನು ಎರಡು ನಿಮಿಷ ಸುಮ್ಮನಾದರೆ, "ಯಾಕೆ, ಅವ್ನು ಮಾತ್ ನಿಲ್ಸುದ್ನಾ?" ಎಂದು ತಲೆಯೆತ್ತುತ್ತಿದ್ದರು.

ಆದರೆ ಮಾತು ಓದುತ್ತಿದ್ದವಳಿಗೆ ಸತ್ಯ ಎಷ್ಟು ದಿನ ಮುಚ್ಚಿರುತ್ತದೆ? ಪ್ರಶ್ನೆಗಿಂತ ಮೊದಲೇ ಉತ್ತರ ಬರುತ್ತಿತ್ತು. ಆದರೆ ಜಪಾನಿನ ಪುಸ್ತಕಗಳನ್ನು ಬಲದಿಂದ ಓದುತ್ತಾರಂತೆ, ನಮ್ಮ ಕೊನೆಯ ಪುಟವೇ ಅವರಿಗೆ ಮೊದಲು. ಅದಕ್ಕೆ ಒಮ್ಮೆ ನಂಜಪ್ಪನವರದೇ ಸರಿಯೇನೋ ಎಂದು ನನಗೇ ಅನುಮಾನ ಬಂದು ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದೆ. "ಇದು ಇಂಗ್ಲಿಷ್‌ನಲ್ಲೇ ಬರೆದಿದ್ದು ಮೇಡಂ, ನಮ್ಮ ಥರಾನೇ ಎಡದಿಂದ," ಅಂದಳು. ಅಂದರೆ ಗಂಜಿಯ ಬಟ್ಟಲು ಮೊದಲು, ಮುರಿದ ಸೇತುವೆ ಕೊನೆಗೆ. ಮರುದಿನ ನಂಜಪ್ಪನವರಿಗೆ ಹೇಳಿಬಿಟ್ಟೆ. ಸುಳ್ಳು ಕಥೆಗೆ ಹೂಂಗುಟ್ಟಿಸಿಕೊಂಡು ಕೂರುವುದು ನನ್ನ ಜಾಯಮಾನವಲ್ಲ.

ಅವರು ಚಿಲ್ಲರೆಯನ್ನು ಕೆಳಗಿಟ್ಟರು. "ಅಂಗಾದ್ರೆ ಜೊತೇಲಿದ್ದದ್ದು ಮೊದ್ಲು, ಬ್ಯಾರೆ ಆಗಿದ್ದು ಕೊನೇಲಾ?"

"ಹೌದು. ಆದರೆ ಕಥೆ ಇನ್ನೂ ಮುಗಿದಿಲ್ಲ, ಐದನೆಯ ಪುಸ್ತಕ ಇದೆಯಂತೆ."

ಚೀಲ ಹಲಗೆಯ ಮೇಲೆ ಹೋಯಿತು. ವಾರವೆಲ್ಲ ಅದನ್ನು ಇಳಿಸಲಿಲ್ಲ, ಕಾಫಿಯೂ ನೀರು ನೀರಾಗಿ ಬಂತು. ಕೊನೆಗೊಂದು ದಿನ ನನ್ನ ಟೇಬಲ್ಲಿಗೆ ಬಂದು ಕೂತರು. ಹೇಳಬೇಕಾದ್ದನ್ನು ರಸ್ತೆಯ ಕಡೆ ನೋಡುತ್ತ ಹೇಳಿದರು.

"ಪಿತೃಪಕ್ಷ ಬತ್ತಾ ಅದೆ. ಅಣ್ಣ ಆ ಕಡೆ ಎಡೆ ಇಡ್ತಾನೆ, ನಾನ್ ಈ ಕಡೆ ಇಡ್ತೀನಿ. ಇರೋನು ಒಬ್ನೇ ಅಪ್ಪ, ಎತ್ಲಾಗೆ ಬಂದ್ ಉಣ್ಣಬೇಕು ಅವ್ನು? ಈ ಬೊಂಬೆ ನೋಡಿ, ಇಂತಾ ಕತ್ತಿ ಹಿಡ್ದೋರೇ ಒಂದಾಗ್ಬುಟ್ರಲ್ಲ, ನಾನೂ ಈ ಸಲ ಹೆಂಚು ಹೊತ್ಕೊಂಡು ಓಗನ ಅಂತ ಗಟ್ಟಿ ಮಾಡ್ಕೊಂಡಿದ್ದೆ. ನೀವು ನೋಡುದ್ರೆ ಎಲ್ಲಾನೂ ತಿರುಗಿಸ್ಬುಟ್ರಿ."

ಆ ರಾತ್ರಿಯೇ ಫೋನಿನಲ್ಲಿ ಹುಡುಕಿ ಐದನೆಯ ಪುಸ್ತಕ ತರಿಸಲು ಆರ್ಡರ್ ಹಾಕಿದೆ. ಅದು ಚಾಮರಾಜನಗರದ ಮನೆಗೆ ಬಂದ ಕೂಡಲೇ, ಬೆಳಗಿನ ಬಸ್ಸಿನಲ್ಲಿ, ಅರಿಸಿನದ ಮೂಟೆಗಳ ಪಕ್ಕ ಕೂತು ಒಂದೇ ಉಸಿರಿಗೆ ಓದಿದೆ. ಅಣ್ಣ ತಮ್ಮ ಒಂದಾಗುತ್ತಾರೆ, ನಿಜ. ಆದರೆ ಒಂದಾದ ಮೇಲೆ ಅಣ್ಣನ ಕಡೆ ಬಂದ ಬಾಣಕ್ಕೆ ತಮ್ಮ ಎದೆಯೊಡ್ಡುತ್ತಾನೆ. ಕೊನೆಯ ಪುಟದಲ್ಲಿ ತಮ್ಮನನ್ನು ಹೂತ ಕಲ್ಲುಗುಪ್ಪೆಯ ಪಕ್ಕ ಅಣ್ಣ ಒಬ್ಬನೇ ಕೂತಿದ್ದಾನೆ. ಬರೆದವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದನ್ನು ಹೇಗೆ ಹೇಳಲಿ?

ಹೇಳುವ ಪ್ರಮೇಯವೇ ಬರಲಿಲ್ಲ. ಸಂಜೆ ನಾನು ಪುಸ್ತಕ ತೆಗೆಯುವುದರೊಳಗೆ ನಂಜಪ್ಪನವರು ಕೈ ಅಡ್ಡ ಹಿಡಿದರು. "ಕೊನೆ ಹೇಳ್ಬ್ಯಾಡಿ ಮೇಡಮ್ನೋರೆ. ನೀವ್ ಹೇಳಿದ್ದೇ ಸರಿ ಇರ್ಬೋದು. ಆದ್ರೆ ನಂಗೆ ಅರ್ತ ಆಗಿರೋದು ಹಿಂದ್ಲಿಂದ. ನಾನು ಓಗಿ ಬತ್ತೀನಿ, ಆಮೇಲೆ ನೋಡನ."

ಎಡೆಯ ದಿನ ಕಾಲೇಜಿಗೆ ರಜೆ. ಆದರೂ ಬಸ್ಸು ಹತ್ತಿ ಹೋದೆ, ಮನೆಯಲ್ಲಿ ಕೂರಲಾಗಲಿಲ್ಲ. ನಂಜಪ್ಪನವರು ಬಿಳಿ ಅಂಗಿ ಹಾಕಿ, ಹಣೆಗೆ ವಿಭೂತಿ ಬಳಿದು, ಗೋಣಿ ಸುತ್ತಿದ ಹೆಂಚನ್ನು ಹೆಗಲ ಮೇಲಿಟ್ಟುಕೊಂಡು ರಸ್ತೆಗಿಳಿದರು. ಡಿವೈಡರಿನ ಹತ್ತಿರ ನಿಂತು ಮೊದಲು ಹೆಂಚನ್ನು ಆಚೆಗಿಳಿಸಿ, ಆಮೇಲೆ ಕಾಲೆತ್ತಿ ತಾವು ದಾಟಿದರು. ಕೇರಳದ ಲಾರಿಯೊಂದು ಹಾರನ್ ಬಾರಿಸುತ್ತ ಕಾಯಿತು. ನಾನು ಅವರ ಹಿಂದೆಯೇ ದಾಟಿ ಕಂಬದ ಹತ್ತಿರ ನಿಂತೆ.

ಮಹದೇವಪ್ಪನವರು ಗಲ್ಲಾದಿಂದ ಏಳಲಿಲ್ಲ. ನಂಜಪ್ಪನವರು ಹೆಂಚನ್ನು ಮೇಜಿನ ಮೇಲಿಟ್ಟು ಗೋಣಿ ಬಿಚ್ಚಿದರು. ಅಣ್ಣ ಅದರ ಮೇಲೆ ಬೆರಳೆಳೆದು ನೋಡಿದರು. ಬೆರಳಿಗೆ ತುಕ್ಕು ಬಂತು.

"ಎಣ್ಣೆ ಕಂಡೇ ಇಲ್ವಲ್ಲಾ ಇದು. ಯಾಕ್ಲಾ ಇಂಗ್ ಒಣಗಿಸ್ಬುಟ್ಟಿದ್ದೀಯ?"

"ನಾನು ಒಲೆ ಮೇಲೆ ಇಟ್ಟೇ ಇಲ್ಲ ಕಣಣ್ಣ," ಎಂದರು ನಂಜಪ್ಪನವರು. "ಒಂದಿನಾನೂ ಇಟ್ಟಿಲ್ಲ. ಇಡಕೆ ಮನಸ್ಸೇ ಬರ್ನಿಲ್ಲ."

ಮಹದೇವಪ್ಪನವರು ಆ ತುಕ್ಕಿನ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಎದ್ದು, "ಬಾ, ಅರ್ಧ ಈರುಳ್ಳಿ ತಕ್ಕೊ, ಉಜ್ಜನ," ಎಂದು ಒಳಗೆ ಹೋದರು. ನಾನು ಕಂಬಕ್ಕೆ ಮುಖ ತಿರುಗಿಸಿ ಅತ್ತೆ. ದಾರಿಯಲ್ಲಿ ಹೋಗುವವರು ನೋಡಿದರು, ನೋಡಲಿ ಎಂದುಕೊಂಡೆ.

ಆ ಚಳಿಗಾಲ ಆ ರಸ್ತೆಯಲ್ಲಿ ಕಾಫಿ ಕುಡಿದವರೇ ಪುಣ್ಯವಂತರು. ಹೆಂಚು ಒಂದು ವಾರ ಆಚೆ, ಒಂದು ವಾರ ಈಚೆ. ಮಧ್ಯಾಹ್ನವಾದರೆ ಅಣ್ಣನ ಹೋಟೆಲಿನ ಪೇಪರಿನ ಮುಖಪುಟ ಡಿವೈಡರ್ ದಾಟಿ ತಮ್ಮನಿಗೆ ಬರುತ್ತಿತ್ತು. ಐದನೆಯ ಪುಸ್ತಕ ನನ್ನ ಚೀಲದಲ್ಲೇ ಇತ್ತು. ತೆಗೆಯಲೇ ಎಂದು ಕೇಳಿದಾಗೆಲ್ಲ, "ಇರ್ಲಿ ಬುಡಿ, ಅವಸ್ರ ಏನು? ಸದ್ಯಕ್ಕೆ ಇದೇ ಚೆನ್ನಾಗದೆ," ಎನ್ನುತ್ತಿದ್ದರು. ಕೊನೆಯನ್ನು ಮೊದಲು ನೋಡದೆ ಅವರು ಬಿಟ್ಟದ್ದು ಅದೊಂದೇ ಪುಸ್ತಕ. ನನಗೂ ಒಳಗೊಳಗೇ ಸಮಾಧಾನ.

ಬೇಸಿಗೆ ರಜೆ ಮುಗಿಸಿ ನಾನು ಬಂದಾಗ ನಂಜಪ್ಪನವರು ಇರಲಿಲ್ಲ. ಬೆಳಿಗ್ಗೆ ಪೇಪರು ಹಂಚಿ, ಎದೆ ಹಿಡಿದಂಗಾಯ್ತು ಎಂದು ಕೂತವರು ಏಳಲಿಲ್ಲವಂತೆ. ಹೋಟೆಲಿನ ಬಾಗಿಲು ಮಾತ್ರ ತೆರೆದಿತ್ತು. ಗಲ್ಲಾದಲ್ಲಿ ಮಹದೇವಪ್ಪನವರು ಕೂತಿದ್ದರು. ಒಳಗೆ ಒಲೆಯ ಮೇಲೆ ಹೆಂಚು ಕಾಯುತ್ತಿತ್ತು. ಹಲಗೆ ಹಾಗೇ ಇತ್ತು, ಹಲ್ಲುಸೆಟ್ಟು ಕೂಡ. ನಾನು ಕೇಳದಿದ್ದರೂ ಅವರೇ ಹೇಳಿದರು.

"ಆ ಕಡೇದು ಮಗ ನೋಡ್ಕೊತಾನೆ. ಇದ್ನ ಹೆಂಗ್ ಮುಚ್ಚಲಿ? ಯಾರಾರ ಬಂದು ಕೇಳುದ್ರೆ ಕೊಡೋರು ಬ್ಯಾಡ್ವಾ?"

ಆಮೇಲೆ ಕೈಚೀಲವನ್ನು ಇಳಿಸಿ ತಂದು ನನ್ನೆದುರು ಕೂತರು. "ನಾಲ್ಕನ್ನೂ ಅವ್ನೇ ತೋರ್ಸಿ ಕತೆ ಹೇಳವ್ನೆ. ಐದ್ನೇದು ನಿಮ್ ತಾವ ಅದೆ ಅಂದಿದ್ದ. ಕೊಡಿ ಮೇಡಂ, ನೋಡನ."

ಕೊಡಬಾರದಿತ್ತೇನೋ. ಆದರೆ ಆ ಮುಖ ನೋಡಿ ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಅವರು ಎದ್ದು ಹೋಗಿ ಕೈ ತೊಳೆದು ಬಂದರು. ನಾನು ಮೊದಲ ಪುಟ ತೆರೆದು ಮುಂದಿಟ್ಟೆ. "ಅಂಗಲ್ಲ," ಎಂದು ಪುಸ್ತಕ ಮಗುಚಿ ಹಾಕಿದರು. "ಹಿಂದ್ಲಿಂದ ನೋಡ್ಬೇಕಂತೆ. ನನ್ ತಮ್ಮ ಹೇಳವ್ನೆ."

ಕಲ್ಲುಗುಪ್ಪೆಯ ಪಕ್ಕ ಅಣ್ಣ ಒಬ್ಬನೇ ಕೂತಿದ್ದ. ಮಹದೇವಪ್ಪನವರು ಆ ಪುಟದ ಮೇಲೆ ಅಂಗೈಯಿಟ್ಟರು. ಪುಟ ತಿರುಗಿಸಿದರು. ಗುಪ್ಪೆಯ ಕಲ್ಲುಗಳು ಕಡಿಮೆಯಾದವು. ಇನ್ನೊಂದು ಪುಟ, ಒಂದು ಕಲ್ಲೂ ಇಲ್ಲ, ಅಣ್ಣನ ತೊಡೆಯ ಮೇಲೆ ತಮ್ಮನ ತಲೆ. ಇನ್ನೊಂದು, ಎದೆಯಲ್ಲಿದ್ದ ಬಾಣ ಗಾಳಿಯಲ್ಲಿ ಹಿಂದಕ್ಕೆ ಹೋಯಿತು. ಅದರ ಹಿಂದಿನ ಪುಟದಲ್ಲಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ನಿಂತು ನಗುತ್ತಿದ್ದರು.

"ಎದ್ದ ನೋಡಿ," ಎಂದರು ಮಹದೇವಪ್ಪನವರು.

ಹೊರಗೆ ಚಾಮರಾಜನಗರದ ಬಸ್ಸು ಬಂದು ನಿಂತಿತ್ತು. ನಾನು ಹೂಂ ಅಂದೆ.