ನಮ್ಮಾಂವನ ಆರನೆಯದು, ನಿಮ್ಮಾಂವನ ಆರನೆಯದು

ಆರು ಕ್ಯಾಸೆಟ್ಟುಗಳನ್ನು ನನಗೆ ಕೊಟ್ಟವರು ಮೈಸೂರು ಕಡೆಯ ಒಬ್ಬ ಎಂಜಿನಿಯರ್ ಸಾಹೇಬರು. ಕೃಷ್ಣೆಯ ನೀರು ನಾರಾಯಣಪುರದಿಂದ ಕಾಲುವೆ ಹಿಡಿದು, ಸುರಪುರ ದಾಟಿ, ಶಹಾಪುರದ ಹೊಲಗಳಿಗೆ ಬರತೊಡಗಿದ್ದ ವರ್ಷಗಳವು. ನಾನು ಶಹಾಪುರದಲ್ಲಿ ಕಾಲುವೆ ಕಚೇರಿಯ ಗುಮಾಸ್ತ. ಸಾಹೇಬರಿಗೆ ವರ್ಗವಾದಾಗ ಸಾಮಾನು ಕಟ್ಟಲು ಹೋಗಿದ್ದೆ. ಲಾರಿಯಲ್ಲಿ ಜಾಗ ಸಾಲದೆ ಉಳಿದದ್ದು ಮೂರು: ಒಂದು ತುಳಸಿ ಕುಂಡ, ಒಂದು ಮುರಿದ ಕುರ್ಚಿ, ಈ ಕ್ಯಾಸೆಟ್ಟುಗಳು. ಕ್ಯಾಸೆಟ್ಟಿಗೆ ಲಾರಿಯಲ್ಲಿ ಜಾಗ ಸಾಲದೆ ಹೋಗುವುದು ಹೇಗೆಂದು ನಾನು ಕೇಳಲಿಲ್ಲ. ಸಾಹೇಬರ ಹೆಂಡತಿಯ ಮುಖ ನೋಡಿದರೆ ತಿಳಿಯುತ್ತಿತ್ತು.

ಅವುಗಳಲ್ಲಿದ್ದದ್ದು ಜರ್ಮನಿಯ ಒಬ್ಬ ಹಳೆಯ ಸಂಗೀತಗಾರ ಬರೆದ ಒಂಬತ್ತು ಸಿಂಫನಿಗಳು, ದೊಡ್ಡ ವಾದ್ಯಮೇಳಕ್ಕೆಂದು ಬರೆದ ಉದ್ದನೆಯ ಕೃತಿಗಳು, ಒಂದೂ ಬಿಡದೆ. ಕಿವಿ ಹೋದ ಮೇಲೂ ಬರೆದನಂತೆ. ಅವನ ಹೆಸರನ್ನು ಸಾಹೇಬರು ಎರಡು ಸಲ ಹೇಳಿಕೊಟ್ಟರು. ನನ್ನ ಬಾಯಲ್ಲಿ ಎರಡು ಸಲವೂ ಬೇರೆ ಬೇರೆಯಾಗಿ ಬಂತು. ಹಾಗಾಗಿ ನಮ್ಮ ಮನೆಯಲ್ಲಿ ಅವನು ಬರೀ ಮುತ್ಯಾ, ಅಂದರೆ ಅಜ್ಜ, ಆದ. ಬರೆದವನು ಒಬ್ಬ, ನಡೆಸುವವನು ಇನ್ನೊಬ್ಬ ಎಂದೂ ಸಾಹೇಬರು ತಿಳಿಸಿದ್ದರು. ನೂರು ಜನ ವಾದ್ಯದವರ ಮುಂದೆ ಸಣ್ಣ ಕೋಲು ಹಿಡಿದು ನಿಲ್ಲುವವನೇ ನಡೆಸುವವನು. ಬರಹ ಅದೇ ಇದ್ದರೂ ನಡೆಸುವವನು ಬದಲಾದರೆ ಸಂಗೀತವೇ ಬದಲಾಗುತ್ತದಂತೆ. ಇದು ನನಗೆ ತಕ್ಷಣ ಅರ್ಥವಾಯಿತು. ಆದೇಶ ಅದೇ ಇದ್ದು ಸಾಹೇಬರು ಬದಲಾದರೆ ಏನಾಗುತ್ತದೆ ಎಂಬುದನ್ನು ಸರಕಾರಿ ಗುಮಾಸ್ತನಿಗೆ ಜರ್ಮನಿಯವರು ಬಂದು ಹೇಳಿಕೊಡಬೇಕಾಗಿಲ್ಲ.

ಮೊದಮೊದಲು ನಾನು ಅವನ್ನು ಹಚ್ಚುತ್ತಿದ್ದದ್ದು ಪ್ರೀತಿಗಲ್ಲ, ಚಿಂತೆಗೆ. ಹಚ್ಚದೆ ಇಟ್ಟ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುತ್ತದೆ ಎಂದು ಯಾರೋ ಹೇಳಿದ್ದರು. ನಾಳೆ ಸಾಹೇಬರು ತಿರುಗಿ ಕೇಳಿದರೆ ಏನು ಹೇಳುವುದು? ಆರು ತಿಂಗಳು ಬೂಸ್ಟಿನ ಭಯಕ್ಕೆ ಕೇಳಿದೆ. ಏಳನೆಯ ತಿಂಗಳು ಒಂದು ಬೆಳಿಗ್ಗೆ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ, ಮುಂದೆ ಯಾವ ವಾದ್ಯ ಬರುತ್ತದೆಂದು ಮೊದಲೇ ಗೊತ್ತಾಯಿತು. ಅದು ಬಂದಾಗ ಸುಖವೂ ಆಯಿತು. ಗಾಬರಿಯಾಗಿ ಟೇಪು ನಿಲ್ಲಿಸಿದೆ.

"ಯಾಕ ನಿಲ್ಲಿಸಿದ್ರಿ?" ಎಂದಳು ಹೆಂಡತಿ. "ಪಾಪ, ಬ್ಯಾಂಡಿನವರು ಮದುವಿ ಮನಿ ಸಿಗದ ತಿರುಗಾಕತ್ತಿದ್ರು. ಇವತ್ತರ ಸಿಗತಿತ್ತೇನೋ."

ಸುರಪುರದ ಒಬ್ಬ ವಿಜ್ಞಾನ ಮಾಸ್ತರರು ನಮ್ಮ ಕಚೇರಿಗೆ ಬಂದದ್ದು ಅದೇ ವರ್ಷ. ಕಾಲುವೆಯ ನೀರು ಬಸಿದು ಅವರ ಅಣ್ಣನ ಹೊಲ ಜವಳಾಗಿತ್ತು. ಅರ್ಜಿ ಹಿಡಿದು ಬಂದಿದ್ದರು. ಹೊಸ ಸಾಹೇಬರು ಇರಲಿಲ್ಲವೆಂದು ಮನೆಗೆ ಚಹಾಕ್ಕೆ ಕರೆದೆ. ಒಳಗೆ ಐದನೆಯದು ನಡೆದಿತ್ತು. ಅವರು ಬಸಿಯಲ್ಲಿ ಚಹಾ ಆರಿಸುವುದನ್ನು ಮರೆತು ಕೂತರು. ಮುಗಿದ ಮೇಲೆ, "ಇದು ಯಾರು, ಹಿಂಗ ಬಾಗಲಾ ಬಡ್ಯಾಕತ್ತಾನ?" ಎಂದು ಕೇಳಿದರು. ಅರ್ಜಿಯ ವಿಷಯ ಇಬ್ಬರಿಗೂ ಮರೆತುಹೋಯಿತು.

ಆಮೇಲೆ ಪ್ರತಿ ಭಾನುವಾರ ಬರತೊಡಗಿದರು. ನಡೆಸುವವನ ಮಾತು ಹೇಳಿದ್ದೇ ತಪ್ಪಾಯಿತು. "ಹಂಗಾದ್ರ ನನಗ ಇನ್ನೊಬ್ಬ ನಡೆಸಿದ್ದು ಬೇಕು. ಹೋಲಿಸಿ ನೋಡದ ಯಾವದೂ ಖರೆ ಅಲ್ಲ ಸಾಹೇಬ್ರ" ಎಂದರು. ಮುಂದಿನ ತಿಂಗಳು ನನ್ನ ಹೆಂಡತಿಯ ಕಣ್ಣು ತೋರಿಸಲು ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗುವುದಿತ್ತು. ತರುತ್ತೇನೆ ಎಂದು ಒಪ್ಪಿಕೊಂಡೆ.

ಹೈದರಾಬಾದಿನಲ್ಲಿ ಮೂರು ಅಂಗಡಿ ಕೇಳಿದೆ. ಇಬ್ಬರು ಇಲ್ಲವೆಂದರು. ಮೂರನೆಯವನು ನನ್ನ ಮುಖ ನೋಡಿ ಗಜಲ್ ಕ್ಯಾಸೆಟ್ಟು ಕೊಟ್ಟ. ಬರಿಗೈಯಲ್ಲಿ ಬಂದೆ ಎಂದು ಮಾಸ್ತರರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವರು ಆಗಲೇ ಹೊಸ ಟೇಪ್‌ರಿಕಾರ್ಡರ್ ಕೊಂಡಿದ್ದರು, ಅದಕ್ಕೆ ಹೊದಿಸಲು ಅವರ ಹೆಂಡತಿ ಬಟ್ಟೆಗೆ ಕಸೂತಿ ಹಾಕಿದ್ದರು. ಆ ಕಸೂತಿ ನೆನೆದು ನನಗೆ ನಿದ್ದೆ ಹತ್ತಲಿಲ್ಲ. ಮರುವಾರ ರಜೆ ಹಾಕಿ, ನನ್ನ ಆರೂ ಕ್ಯಾಸೆಟ್ಟು ಒಯ್ದು, ಯಾದಗಿರಿ ಸ್ಟೇಶನ್ ರಸ್ತೆಯ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟುಗಳಿಗೆ ತುಂಬಿಸಿದೆ. ಅಂಗಡಿಯವನು ಎರಡು ದಿನ ಕೇಳಿ, "ಇದರಾಗ ಹಾಡು ಯಾವಾಗ ಸುರು ಆಗ್ತದ್ರಿ?" ಎಂದ. ಒಂಬತ್ತನೆಯದರ ಕೊನೆಗೆ ಎಂದೆ. ಅವನು ನಂಬಲಿಲ್ಲ.

ಮಾಸ್ತರರಿಗೆ, ಹೈದರಾಬಾದಿನಲ್ಲಿ ಒಬ್ಬರ ಹತ್ತಿರ ಇತ್ತು, ತುಂಬಿಸಿಕೊಟ್ಟರು ಎಂದೆ. "ಯಾರು ನಡೆಸಿದ್ದು?" ಎಂದು ಕೇಳಿಯೇಬಿಟ್ಟರು. ನನಗೆ ಗೊತ್ತಿದ್ದ ವಿದೇಶಿ ಹೆಸರು ಒಂದೇ, ಕಾಲುವೆ ಗೇಟಿನ ಮೋಟಾರಿನ ಹಿತ್ತಾಳೆ ಫಲಕದ ಮೇಲಿದ್ದದ್ದು. ಅದನ್ನೇ ಹೇಳಿದೆ. ಮಾಸ್ತರರು ಎರಡು ಸಲ ಮೆಲುಕು ಹಾಕಿ, "ಹೆಸರಿನ್ಯಾಗೇ ಒಂದು ಗಾಂಭೀರ್ಯ ಅದ" ಎಂದರು.

ಒಂದೇ ವಾರಕ್ಕೆ ಫಲಿತಾಂಶ ಬಂತು. "ನಿಮ್ಮಾಂವಗ ಅವಸರ ಭಾಳ. ನಮ್ಮಾಂವ ನೋಡ್ರಿ, ತೂಕ ಅದ, ಉಸಿರು ಅದ." ನಿಮ್ಮಾಂವ, ನಮ್ಮಾಂವ ಎಂದರೆ ಅವರವರ ಕ್ಯಾಸೆಟ್ಟಿನಲ್ಲಿ ನಡೆಸುವವರು. ಕಾರಣ ಸರಳವಾಗಿತ್ತು. ಅವರ ಹೊಸ ಟೇಪು ನನ್ನದಕ್ಕಿಂತ ತುಸು ನಿಧಾನ ತಿರುಗುತ್ತಿತ್ತು. ನಿಧಾನ ತಿರುಗಿದರೆ ದನಿಯೂ ಇಳಿಯುತ್ತದೆ. ಇದನ್ನು ನಾನು ಅವರ ಮನೆಯಲ್ಲಿ ಮೊದಲ ಸಲ ಕೇಳಿದಾಗಲೇ ಊಹಿಸಿದೆ. ಎರಡು ಕ್ಯಾಸೆಟ್ಟು ಒಂದೇ ಟೇಪಿನಲ್ಲಿ ತಿರುಗಿದ ದಿನ ಈ ಮನುಷ್ಯ ನನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದೂ ಅಂದೇ ತಿಳಿಯಿತು. ಇಡೀ ಶಹಾಪುರ, ಸುರಪುರ ತಾಲೂಕುಗಳಲ್ಲಿ ಮುತ್ಯಾನ ಬಗ್ಗೆ ಮಾತಾಡಲು ನನಗೆ ಸಿಕ್ಕಿದ್ದ ಒಬ್ಬನೇ ಮನುಷ್ಯ.

ಆದ್ದರಿಂದ ನಿಯಮ ಮಾಡಿದೆ. ಕ್ಯಾಸೆಟ್ಟು ಬಸ್ಸಿನಲ್ಲಿ ಒಯ್ಯಬಾರದು, ಎಂಜಿನ್ನಿನ ಅಯಸ್ಕಾಂತಕ್ಕೆ ಅಳಿಸಿಹೋಗುತ್ತದೆ ಎಂದೆ. ಹೇಳಿದ್ದು ವಿಜ್ಞಾನ ಮಾಸ್ತರರಿಗೆ. "ಅಯಸ್ಕಾಂತ ಅಷ್ಟು ಇರಂಗಿಲ್ರಿ. ಆದ್ರ ಧೂಳು ಖರೆ ಅದ" ಎಂದು ಅವರು ಒಪ್ಪಿದರು. ಹೀಗೆ ಒಂದು ಭಾನುವಾರ ನನ್ನ ಮನೆಯಲ್ಲಿ ನಮ್ಮಾಂವ, ಮರು ಭಾನುವಾರ ಸುರಪುರದಲ್ಲಿ ನಿಮ್ಮಾಂವ.

ಆರು ವರ್ಷ ನಡೆಯಿತು.

ಇಲ್ಲಿ ನಾಚಿಕೆಯ ವಿಷಯ ಬರೆಯಬೇಕು. ಮೊದಲ ವರ್ಷ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಎರಡನೆಯ ವರ್ಷದ ಹೊತ್ತಿಗೆ ನನಗೆ ಸಿಟ್ಟು ಬರತೊಡಗಿತು. ಏಳನೆಯದರ ಎರಡನೆಯ ಭಾಗ, ಹೆಣದ ಹಿಂದೆ ನಡೆಯುವವರ ಹೆಜ್ಜೆಯ ಹಾಗಿರುವುದು, ನಮ್ಮಾಂವನ ಕೈಯಲ್ಲಿ ಸಂಯಮದಿಂದ ಇತ್ತು. ಅವರಾಂವ ಅದನ್ನು ಜಗ್ಗಿ ಜಗ್ಗಿ ಅಳಿಸುತ್ತಿದ್ದ. ಮೂರನೆಯದರಲ್ಲಿ ಅವರಾಂವನೇ ಮೇಲು ಎಂದು ನಾನು ಒಪ್ಪಿದ್ದೆ, ಮನಸ್ಸಿಲ್ಲದೆ. ದೊಡ್ಡ ಜಗಳ ಆರನೆಯದರ ಮೇಲೆ. ಅದರಲ್ಲಿ ಒಂದು ಹಳ್ಳ ಹರಿಯುತ್ತದೆ.

"ನಿಮ್ಮಾಂವನ ಹಳ್ಳ ಅಲ್ರಿ ಅದು, ಗೇಟ್ ಎತ್ತಿದ ಕಾಲುವಿ" ಎನ್ನುತ್ತಿದ್ದರು ಮಾಸ್ತರರು. "ದಡದಾಗ ಕುಂದ್ರಾಕ ಆಗಂಗಿಲ್ಲ."

"ನಿಮ್ಮಾಂವನ ಹಳ್ಳದಾಗ ನೀರೇ ಇಲ್ಲಲ್ರಿ ಸರ. ಕಾಲುವಿ ಕೊನೀ ಹೊಲದವರು ಕೇಳಿದ್ರ ನಮ್ಮ ಕಚೇರಿಗಿ ಅರ್ಜಿ ಕೊಡ್ತಾರ."

"ನೀವು ಗುಮಾಸ್ತರು. ನಿಮಗ ಎಲ್ಲಾ ಲಗೂ ಮುಗೀಬೇಕು."

"ನೀವು ಮಾಸ್ತರು. ಗಂಟಿ ಬಾರಿಸೂ ತನಕಾ ಎಳೀಬೇಕು."

ಆ ದಿನ ನಾನು ಬಸ್ಸಿನಲ್ಲಿ ಕುದಿಯುತ್ತ ಬಂದೆ. ಎರಡೂ ಒಂದೇ ಎಂದು ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೂ ನನ್ನದು ಮೇಲು ಎಂಬುದರಲ್ಲಿ ಸಂಶಯವಿರಲಿಲ್ಲ.

ಆಮೇಲೆ ನನಗೆ ನಾರಾಯಣಪುರಕ್ಕೆ, ಡ್ಯಾಮಿನ ಕಚೇರಿಗೆ, ವರ್ಗವಾಯಿತು. ನನ್ನ ಜಾಗಕ್ಕೆ ಬರಬೇಕಾದವರು ಬಾರದ್ದರಿಂದ ಹೊರಡುವುದು ಎರಡು ತಿಂಗಳು ತಡವಿತ್ತು. ಸುದ್ದಿ ತಿಳಿದ ಭಾನುವಾರ ಮಾಸ್ತರರು ಒಂದು ಗಂಟು ಹಿಡಿದು ಬಂದರು. ನಿಯಮ ಮುರಿದು, ಧೂಳು ತಾಗದಿರಲೆಂದು ಹಸಿ ಬಟ್ಟೆಯೊಳಗೆ ಪ್ಲಾಸ್ಟಿಕ್ ಸುತ್ತಿ, ಆರೂ ಕ್ಯಾಸೆಟ್ಟು ತಂದಿದ್ದರು.

"ಇವು ನೀವು ಇಟ್ಕೋರಿ. ನಿಮ್ಮವು ನನಗ ಕೊಡ್ರಿ. ಡ್ಯಾಮಿನ ಬಲ್ಲಿ ಒಬ್ಬರೇ ಕುಂತು ಕೇಳವರು ನೀವು. ಚಲೋದು ನಿಮ್ಮ ಹತ್ರ ಇರಲಿ."

ಇದನ್ನು ತಾಳಿಕೊಳ್ಳಲು ನನ್ನಿಂದ ಆಗಲಿಲ್ಲ. ಯಾದಗಿರಿ ಅಂಗಡಿ, ಮೋಟಾರಿನ ಫಲಕ, ಎಲ್ಲ ಹೇಳಿದೆ.

ಮಾಸ್ತರರು ಕೇಳಿ ಜೋರಾಗಿ ನಕ್ಕರು. "ಸೋತವರು ಹಿಂಗೇ ಮಾತಾಡ್ತಾರ ಬಿಡ್ರಿ. ಆರು ವರ್ಷ ವಾದ ಮಾಡಿ, ಗೆಲ್ಲಾಕ ಆಗಲಿಲ್ಲಂತ ಈಗ ಎರಡೂ ಒಂದೇ ಅಂದ್ರ? ನನ್ನ ಕಿವಿ ಏನು ಮುತ್ಯಾನ ಕಿವಿ ಏನ್ರಿ?"

ಪುರಾವೆ ಬೇಕೆಂದು ಅವರೇ ಹಟ ಹಿಡಿದರು. ಮರು ಭಾನುವಾರ ತಮ್ಮ ಟೇಪ್‌ರಿಕಾರ್ಡರನ್ನು ಕಸೂತಿಯ ಬಟ್ಟೆಯ ಸಮೇತ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಎರಡು ಟೇಪುಗಳನ್ನು ಮಂಚದ ಮೇಲೆ ಇಟ್ಟೆವು. ಅವರ ಕ್ಯಾಸೆಟ್ಟು ಅವರದಕ್ಕೆ, ನನ್ನದು ನನ್ನದಕ್ಕೆ. ಆರನೆಯದರ ಹಳ್ಳ. ಒಂದು, ಎರಡು, ಮೂರು ಎಂದು ಒಟ್ಟಿಗೆ ಗುಂಡಿ ಒತ್ತಿದೆವು.

ಸ್ವಲ್ಪ ಹೊತ್ತು ಎರಡೂ ಜೊತೆಗೇ ಹೋದವು. ಆಮೇಲೆ ನನ್ನದು ಒಂದು ಹೆಜ್ಜೆ ಮುಂದಾಯಿತು, ಎರಡು ಹೆಜ್ಜೆ ಮುಂದಾಯಿತು, ಹಳ್ಳ ಎರಡು ಕವಲಾಗಿ ಮನೆ ತುಂಬ ಗದ್ದಲವಾಯಿತು. "ಇಬ್ಬರು ಮುತ್ಯಾಗೋಳು ಜಗಳಾಡಾಕತ್ತಾರೇನು?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ನನ್ನದು ಮುಗಿಯಿತು. ಅವರದು ಮತ್ತೆ ಮುಕ್ಕಾಲು ನಿಮಿಷ ನಡೆದು, ಸಾವಕಾಶವಾಗಿ ನಿಂತಿತು.

ಮಾಸ್ತರರು ನೋಡಿದಿರಲ್ಲ ಎಂಬಂತೆ ಅಂಗೈ ಎತ್ತಿ ತೋರಿಸಿದರು, ಅಷ್ಟೆ.

ಕ್ಯಾಸೆಟ್ಟು ಅದಲುಬದಲು ಮಾಡಿ ಹಚ್ಚಿದ್ದರೆ ತೀರಿಹೋಗುತ್ತಿತ್ತು. ಅದು ನನಗೆ ಆಗಲೇ ಹೊಳೆದಿತ್ತು. ವಿಜ್ಞಾನ ಮಾಸ್ತರರಿಗೆ ಹೊಳೆಯಲಿಲ್ಲ, ಗೆದ್ದವರಿಗೆ ಹೊಳೆಯುವುದಿಲ್ಲ. ನಾನು ನಿಜ ಹೇಳಿದ್ದೆ, ಅವರು ನಂಬಲಿಲ್ಲ, ಇನ್ನು ನನ್ನ ಮೇಲೆ ಹೊಣೆಯಿಲ್ಲ ಎಂದುಕೊಂಡೆ. ನನ್ನ ಕ್ಯಾಸೆಟ್ಟುಗಳನ್ನು ಅವರಿಗೆ ಕೊಟ್ಟೆ, ಅವರವನ್ನು ತೆಗೆದುಕೊಂಡೆ. ಅವರು ತಮ್ಮ ಟೇಪು ಎತ್ತಿಕೊಂಡು ಸುರಪುರದ ಬಸ್ಸು ಹತ್ತಿದ ಮೇಲೆ ಹೊಳೆಯಿತು: ಮನೆಗೆ ಹೋಗಿ ಅವರು ಮಾಡುವುದು ಅದನ್ನೇ. ನನ್ನ ಕ್ಯಾಸೆಟ್ಟು, ಅವರ ಟೇಪು.

ಮರು ಭಾನುವಾರವೂ ಬರುತ್ತೇನೆಂದು ಹೇಳಿಹೋಗಿದ್ದವರು ಬರಲಿಲ್ಲ. ಅದರ ಮರು ಭಾನುವಾರವೂ ಬರಲಿಲ್ಲ. ಮಧ್ಯಾಹ್ನದ ತನಕ ಕಾದು, ನಾನು ಅವರ ಕ್ಯಾಸೆಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಸುರಪುರಕ್ಕೆ ಹೋದೆ. ದಾರಿಯುದ್ದಕ್ಕೂ ಏಳೆಂಟು ಬಗೆಯ ಕ್ಷಮಾಪಣೆ ಜೋಡಿಸಿದೆ. ಎಲ್ಲವೂ ಕಚೇರಿಯ ಪತ್ರದಂತೆ ಕೇಳುತ್ತಿದ್ದವು.

ಬಾಗಿಲು ತೆಗೆದವರು ಅವರ ಹೆಂಡತಿ. "ಬರ್ರಿ ಅಣ್ಣಾರ. ಏನಾಗ್ಯಾದೋ ನೀವೇ ಕೇಳ್ರಿ. ಹದಿನೈದು ದಿನ ಆತು, ಟೇಪಿಗಿ ಬಟ್ಟಿ ಮುಚ್ಚಿ ಕುಂತಾರ. ಮನ್ಯಾಗ ಯಾರೋ ಹೋದಂಗ."

ಮಾಸ್ತರರು ಕುರ್ಚಿ ತೋರಿಸಿದರು. ಚೀಲ ಮೇಜಿನ ಮೇಲಿಟ್ಟೆ. ಅವರು ಅದರ ಕಡೆ ನೋಡುತ್ತ ಕೇಳಿದರು.

"ಹೈದರಾಬಾದಿಲಿಂದ ತಂದೇನಿ ಅಂದ್ರಿ, ಅದು ಇರಲಿ. ಮನಷಾ ಅಂದ ಮ್ಯಾಲ ಸುಳ್ಳು ಹೇಳ್ತಾನ. ನನಗ ಒಂದೇ ಹೇಳ್ರಿ. ಆರು ವರ್ಷ ನನ್ನ ಎದುರಿಗಿ ಕುಂತು ನಮ್ಮಾಂವ ಚಲೋ, ನಮ್ಮಾಂವ ಚಲೋ ಅಂತಿದ್ರಲ್ಲ. ಒಳಗೊಳಗ ನಗತಿದ್ರೇನು?"

"ಇಲ್ರಿ ಸರ. ನನಗ ಖರೇನೇ ನಮ್ಮಾಂವ ಚಲೋ ಅನಸ್ತಿತ್ತು."

"ಎರಡೂ ಒಂದೇ ಅಂತ ಗೊತ್ತಿದ್ದೂ?"

"ಗೊತ್ತಿದ್ದೂ."

"ಇದನ್ನ ಯಾರ ನಂಬಬೇಕ್ರಿ?"

ಅವರ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ಅವರು ಎದ್ದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. "ಹಿಂದ ನೋಡಬ್ಯಾಡ್ರಿ" ಎಂದರು, ಪರೀಕ್ಷೆಯಲ್ಲಿ ಹೇಳುವ ದನಿಯಲ್ಲೇ. ಬೆನ್ನ ಹಿಂದೆ ಬಟ್ಟೆ ಸರಿದ ಸದ್ದು, ಚೀಲದ ಸದ್ದು, ಕ್ಯಾಸೆಟ್ಟಿನ ಸದ್ದು. ಆರನೆಯದರ ಹಳ್ಳ ಹರಿಯತೊಡಗಿತು.

"ಯಾರು ಹೇಳ್ರಿ?"

"ನಿಮ್ಮಾಂವ."

ನಿಲ್ಲಿಸಿದರು. ಮತ್ತೆ ಚೀಲದ ಸದ್ದು, ಮುಚ್ಚಳದ ಸದ್ದು, ಸುತ್ತುವ ಸದ್ದು. ಮತ್ತೆ ಅದೇ ಭಾಗ. ಈ ಸಲ ನಾನು ಹೆಚ್ಚು ಹೊತ್ತು ಕೇಳಿದೆ. ನನ್ನ ಉತ್ತರದ ಮೇಲೆ ಏನು ನಿಂತಿದೆ ಎಂದು ಗೊತ್ತಿತ್ತು.

"ಯಾರು?"

"ಇದು ನಮ್ಮಾಂವ ರೀ. ನಿಮ್ಮ ಟೇಪಿನ್ಯಾಗ ಜರಾ ದಣದಾನ, ಆದ್ರ ನಮ್ಮಾಂವನೇ. ನೀರಿಗಿ ಒಂದು ಚುರುಕು ಅದ ನೋಡ್ರಿ."

"ಗ್ಯಾರಂಟಿ?"

"ಬರೋಬ್ಬರಿ ನಮ್ಮಾಂವ."

ಅವರು ಬಂದು ಕುರ್ಚಿಯನ್ನು ತಮ್ಮ ಕಡೆ ತಿರುಗಿಸಿದರು. "ನಾ ಕ್ಯಾಸೆಟ್ ತಗದೇ ಇಲ್ಲ. ಹಿಂದಕ್ಕ ಸುತ್ತಿ ಅದನ್ನೇ ಹಚ್ಚೇನಿ" ಎಂದರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ಕಿವಿ ಮಾತ್ರ ಸುಡುತ್ತಿದ್ದವು.

"ಹಾಂ" ಎಂದರು ಕೊನೆಗೆ. "ನೀವು ನಗತಿರಲಿಲ್ಲ."

ಅವರ ಹೆಂಡತಿ ಚಹಾ ತಂದರು. ಇಬ್ಬರೂ ಕುಡಿದೆವು. ನಾನು ಎದ್ದಾಗ ಬಾಗಿಲ ತನಕ ಬಂದು ಹೇಳಿದರು: "ಆದ್ರೂ ಸುಳ್ಳು ಸುಳ್ಳೇ. ಮೂರು ಆಯ್ತವಾರ ಬರಬ್ಯಾಡ್ರಿ. ನನ್ನ ಸಿಟ್ಟು ಇಳಿಲಿಕ್ಕ ಅಷ್ಟು ಬೇಕು. ಮುಂದ ಬರ್ರಿ. ಎಂಟನೇದು ನಾವು ಬರೋಬ್ಬರಿ ನೋಡೇ ಇಲ್ಲ."

ಅಂದಿನ ಭಾನುವಾರ ಆ ಮೂರರಲ್ಲಿ ಸೇರುತ್ತದೋ ಇಲ್ಲವೋ ಕೇಳಲು ಧೈರ್ಯವಾಗಲಿಲ್ಲ. ಮನೆಯಲ್ಲಿ ಕ್ಯಾಲೆಂಡರಿನ ಮುಂದೆ ನಿಂತು ಎರಡೂ ಬಗೆಯಲ್ಲಿ ಎಣಿಸಿದೆ. ಹೆಂಡತಿಯನ್ನು ಕೇಳಿದೆ. ಸೇರುತ್ತದೆ ಎಂದಳು. ಸೇರಿಸಿಕೊಂಡು ಹೋದೆ.

ಮಾಸ್ತರರೇ ಬಾಗಿಲು ತೆಗೆದರು. "ಇನ್ನೊಂದು ವಾರ ಸಿಟ್ಟು ಅದ" ಎಂದರು. ಒಳಗೆ ಕರೆದು ಚಹಾ ಕೊಟ್ಟರು. ಟೇಪು ಮಾತ್ರ ಹಚ್ಚಲಿಲ್ಲ.