ಸೇಫ್ಟಿ ವಾಲ್ವಿನ ಮೇಲಿನ ಬಣ್ಣ

ಪೀಣ್ಯದಲ್ಲಿ ಫಿಟ್ಟರ್ ಆಗಿದ್ದ ನನ್ನ ಗೆಳೆಯ ಪಂಚಾಕ್ಷರಿ ಪಂಕ್ಚರ್ ಅಂಗಡಿ ಮುಂದೆ ನಡೆಯುತ್ತಿರಲಿಲ್ಲ. ಗಾಳಿ ತುಂಬುವ ಕಂಪ್ರೆಸರ್ ಸದ್ದು ಕೇಳಿದರೆ ರಸ್ತೆ ದಾಟಿ ಆ ಬದಿಯಿಂದ ಹೋಗುತ್ತಿದ್ದ. ವಠಾರದವರು ನಗುತ್ತಿದ್ದರು. ಎಲುಬಿಲ್ಲದ ನಾಲಿಗೆ, ಅದಕ್ಕೇನು! ನನಗೆ ಮಾತ್ರ ಅವನು ಎಲ್ಲ ಹೇಳಿಕೊಂಡಿದ್ದ.

ದಾವಣಗೆರೆಯಿಂದ ಬಂದ ಹೊಸತರಲ್ಲಿ ಅವನು ಮಾದನಾಯಕನಹಳ್ಳಿಯ ಹನುಮಂತಯ್ಯನ ಮನೆಯಲ್ಲಿ ಬಾಡಿಗೆಗಿದ್ದ. ಹನುಮಂತಯ್ಯ ಹಿತ್ತಲಿನ ಶೆಡ್ಡಿನಲ್ಲಿ ಕಂಪ್ರೆಸರ್ ಇಟ್ಟುಕೊಂಡು ಗ್ರಿಲ್ಲು, ಬೀರುಗಳಿಗೆ ಸ್ಪ್ರೇ ಪೇಂಟ್ ಹೊಡೆಯುತ್ತಿದ್ದ. ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದ ಪಂಚಾಕ್ಷರಿಯೂ ಭಾನುವಾರ ಕೈ ಜೋಡಿಸುತ್ತಿದ್ದ. ಆಯುಧಪೂಜೆ ಬಂದರೆ ನಮ್ಮಲ್ಲಿ ಯಂತ್ರಗಳಿಗೂ ಮದುವಣಗಿತ್ತಿಯ ಉಪಚಾರ. ತೊಳೆದು, ಬಣ್ಣ ಬಳಿದು, ಕುಂಕುಮ ಇಡಬೇಕು. ಒಂದು ವರ್ಷ ಕಂಪ್ರೆಸರಿಗೆ ಬಣ್ಣ ಹೊಡೆದವನು ಪಂಚಾಕ್ಷರಿ. ಸೇಫ್ಟಿ ವಾಲ್ವನ್ನೂ ಬಿಡಲಿಲ್ಲ. ಗಾಳಿಯ ಒತ್ತಡ ಮೀರಿದಾಗ ತಾನೇ ತೆರೆದುಕೊಳ್ಳಬೇಕಾದ ವಾಲ್ವು ಬಣ್ಣ ಒಣಗಿ ಅಂಟಿಕೊಂಡಿತು. ಹಬ್ಬದ ನಂತರ ಒಂದು ದಿನ ಮೋಟಾರು ನಿಲ್ಲಬೇಕಾದಾಗ ನಿಲ್ಲಲಿಲ್ಲ, ವಾಲ್ವು ತೆರೆಯಲಿಲ್ಲ, ಟ್ಯಾಂಕು ಸಿಡಿದು ಹನುಮಂತಯ್ಯ ಸತ್ತ. ಪಂಚಾಕ್ಷರಿ ಮನೆ ಬಿಟ್ಟ. ಬಣ್ಣದಿಂದಲೇ ಹೀಗಾಯಿತು ಎಂದು ಹನುಮಂತಯ್ಯನ ಹೆಂಡತಿ ಕಮಲಮ್ಮನಿಗೆ ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ತೊಂಬತ್ತೇಳರಲ್ಲಿ, ಕಮಲಮ್ಮನೇ ಹುಡುಕಿಕೊಂಡು ಬಂದರು.

"ಶೆಡ್ ಮತ್ತೆ ತೆಗೀತಾ ಇವ್ನಿ. ಕಂಪ್ರೆಸರ್ ತಂದಿವ್ನಿ. ನೀನು ನೋಡಿ ಸರಿಗೈತೆ ಅಂದ್ರೇನೇ ನಾನು ಸ್ವಿಚ್ ಹಾಕೋದು," ಎಂದರು.

ಇಲ್ಲ ಎನ್ನಲಾರದೆ ಅವನು ನನ್ನನ್ನೂ ಎಳೆದುಕೊಂಡು ಹೋದ.

ಶೆಡ್ಡಿನ ಚಾವಣಿಯ ಕಪ್ಪಾದ ಶೀಟುಗಳ ನಡುವೆ ಒಂದು ಮಾತ್ರ ಹೊಸದು. ಅದರ ಕೆಳಗೇ ಕಂಪ್ರೆಸರ್ ಕೂತಿತ್ತು. ಪಂಚಾಕ್ಷರಿ ಮೋಟಾರು ಹಾಕಿದ. ಒತ್ತಡ ತೋರಿಸುವ ಮುಳ್ಳು ಏರತೊಡಗಿದಾಗ ಅವನ ಕೈ ಅಂಗಿಯೊಳಗಿನ ಇಷ್ಟಲಿಂಗವನ್ನು ಹಿಡಿದಿತ್ತು. ಇದ್ದಕ್ಕಿದ್ದಂತೆ ಹಿಂದೆ ತಿರುಗಿ, "ಅಣ್ಣಾ, ಸ್ವಲ್ಪ ದೂರ ನಿಂದ್ರು," ಅಂದ.

ಅವನು ನನ್ನನ್ನು ಯಾವತ್ತೂ ಅಣ್ಣ ಅಂದವನಲ್ಲ. ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಟ್ಯಾಂಕು ತುಂಬಿದಾಗ ಮೋಟಾರು ತಾನಾಗಿ ಸರಿಯಾಗಿ ನಿಂತಿತು. ಅವನು ಕೊಳವೆಯ ಸಂದುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಮುಳ್ಳು ಇಳಿಯುತ್ತದೆಯೇ ಎಂದು ಕಾದ. ಟ್ಯಾಂಕಿನ ಅಡಿಯ ನೀರು ಬಸಿದು, ತುಕ್ಕಿದೆಯೇ ಎಂದು ಅಂಗೈಯಲ್ಲಿ ಹಿಡಿದು ನೋಡಿದ. ಸಂಜೆಯವರೆಗೆ ಓಡಿಸಿ ಓಡಿಸಿ ಮೋಟಾರಿನ ಬಿಸಿ ಮುಟ್ಟಿದ. ಕೊನೆಗೆ ನನ್ನನ್ನು ಹೊರಗೆ ಕಳಿಸಿ, ಮೋಟಾರು ತಾನಾಗಿ ನಿಲ್ಲದಂತೆ ಮಾಡಿ, ಒಬ್ಬನೇ ಪಕ್ಕದಲ್ಲಿ ನಿಂತ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮುಳ್ಳು ಕೆಂಪು ಗೆರೆ ಮುಟ್ಟಿದ್ದೇ ವಾಲ್ವು ಕಿರುಚಿಕೊಂಡು ತೆರೆಯಿತು.

ಪಂಚಾಕ್ಷರಿ ಮೋಟಾರು ಆರಿಸಿ, ಅದು ಮತ್ತೆ ತಾನಾಗಿ ನಿಲ್ಲುವಂತೆ ಸರಿಮಾಡಿ, ಅಲ್ಲೇ ಕುಸಿದು ಕೂತು ಅತ್ತ. ಓಡಿ ಬಂದ ಕಮಲಮ್ಮನಿಗೆ, "ಸರಿ ಐತ್ರಿ ಅಕ್ಕಾ. ಹಬ್ಬಕ್ಕೆ ವಾಲ್ವಿಗೆ ಬಣ್ಣ ಹೊಡೀಬ್ಯಾಡ್ರಿ. ಆ ಸಲ ನಾನು ಹೊಡೆದ ಬಣ್ಣದಿಂದಲೇ..." ಎಂದ.

"ಗೊತ್ತು ಕಣಪ್ಪ," ಎಂದರು ಕಮಲಮ್ಮ. "ಚೂರೆಲ್ಲಾ ಆಯ್ದೋಳು ನಾನೇ. ವಾಲ್ವು ತೆಗೆಯೋ ಉಂಗುರ ಎಳುದ್ರೆ ಬರ್ಲಿಲ್ಲ, ಬಣ್ಣಕ್ಕೆ ಅಂಟ್ಕಂಡಿತ್ತು. ಅದುಕ್ಕೇ ನಿನ್ನ ಕರ್ದಿದ್ದು. ಬೇರೆಯೋರು ಇಷ್ಟು ಎದ್ರಿಕೊಂಡು ನೋಡ್ತಿದ್ರಾ?"

ಅವರು ತಾವೇ ಹೋಗಿ ಸ್ವಿಚ್ ಹಾಕಿದರು. ಪಂಚಾಕ್ಷರಿ ಹೊರಗೆ ಓಡಲಿಲ್ಲ.